ಸ್ಪೀಡ್‌ಕ್ರಂಚ್: ಕಂಪ್ಯೂಟರಿನಲ್ಲಿ ವೈಜ್ಞಾನಿಕ ಲೆಕ್ಕಾಚಾರಕ್ಕೆ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರಿನಲ್ಲಿ ಸಿಗುವ ಬಹುಪಾಲು ಕ್ಯಾಲ್ಕುಲೇಟರ್ ತಂತ್ರಾಂಶಗಳು ಅಂಗೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿನ ರೂಪವನ್ನೇ ಪರದೆಯ ಮೇಲೆ ತಂದಿರುತ್ತವೆ. ಗುಂಡಿಗಳನ್ನು ಮೌಸ್‌ನಿಂದ ಒಂದೊಂದಾಗಿ ಒತ್ತುತ್ತಾ ಹೋಗಬೇಕು, ಕೊನೆಗೆ ಒಂದು ಸಂಖ್ಯೆ ಕಾಣಿಸುತ್ತದೆ. ಆ ಸಂಖ್ಯೆ ಯಾವ ಲೆಕ್ಕದಿಂದ ಬಂದಿತು, ನಡುವೆ ಎಲ್ಲಾದರೂ ಒಂದು ಆವರಣ ಬಿಟ್ಟುಹೋಯಿತೇ, ಭಾಗಿಸಬೇಕಾದ ಕಡೆ ಗುಣಿಸಿಬಿಟ್ಟೆವೇ ಎಂಬುದನ್ನು ಪರಿಶೀಲಿಸುವ ದಾರಿ ಇರುವುದಿಲ್ಲ. ಲೆಕ್ಕವೆಂದರೆ ಬರೆದು, ಓದಿ, ತಿದ್ದಿ, ಇನ್ನೊಬ್ಬರಿಗೂ ತೋರಿಸುವಂತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಚೆನ್ನಾಗಿ ಹೊಂದುವ ಒಂದು ಉಚಿತ ತಂತ್ರಾಂಶ ಸ್ಪೀಡ್‌ಕ್ರಂಚ್. ಅದನ್ನು ಅಳವಡಿಸಿಕೊಳ್ಳುವುದರಿಂದ ಹಿಡಿದು, ಒಂದು ಪೂರ್ತಿ ಪ್ರಯೋಗದ ಲೆಕ್ಕವನ್ನು ಅದರಲ್ಲಿ ಬರೆದು ಉಳಿಸಿಕೊಳ್ಳುವವರೆಗಿನ ಹೆಜ್ಜೆಗಳನ್ನು ಇಲ್ಲಿ ವಿವರಿಸಿದ್ದೇನೆ.

ಓದುವ ಮುನ್ನ ಒಂದು ಸೂಚನೆ. ಫಲನಗಳ ಮತ್ತು ಚರಾಕ್ಷರಗಳ ಹೆಸರುಗಳನ್ನು ಈ ಬರಹದಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಹೆಸರಿನ ಮೊದಲ ಎರಡು ಮೂರು ಅಕ್ಷರಗಳನ್ನು ಒತ್ತುತ್ತಿದ್ದಂತೆಯೇ ಹೊಂದುವ ಹೆಸರುಗಳ ಪಟ್ಟಿ ಕೆಳಗೆ ತೆರೆದುಕೊಳ್ಳುವುದರಿಂದ, ಕಾಗುಣಿತ ನೆನಪಿಲ್ಲದಿದ್ದರೂ ಅಲ್ಲಿಂದ ಆರಿಸಿಕೊಳ್ಳಬಹುದು.

ಅಳವಡಿಕೆ

ಸ್ಪೀಡ್‌ಕ್ರಂಚ್ ಜಿಪಿಎಲ್ ಪರವಾನಗಿಯ ಅಡಿಯಲ್ಲಿ ದೊರೆಯುವ ಮುಕ್ತ ತಂತ್ರಾಂಶ. ಅಂದರೆ ಅದನ್ನು ಹಣ ಕೊಡದೆ ಪಡೆಯಬಹುದು, ಹಂಚಬಹುದು, ಮೂಲ ಸಂಕೇತವನ್ನು ಓದಿ ಬದಲಾಯಿಸಲೂಬಹುದು. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ಅದು ಕೆಲಸ ಮಾಡುತ್ತದೆ. ಇಲ್ಲಿ ವಿವರಿಸುತ್ತಿರುವುದು 2016ರಲ್ಲಿ ಬಿಡುಗಡೆಯಾದ 0.12 ಆವೃತ್ತಿಯನ್ನು.

ಲಿನಕ್ಸ್ ಬಳಸುವವರು ತಮ್ಮ ವ್ಯವಸ್ಥೆಯ ತಂತ್ರಾಂಶ ಭಂಡಾರದಲ್ಲಿ ಇದೇ ಹೆಸರನ್ನು ಹುಡುಕಿದರೆ ಸಾಕು. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವುಗಳಲ್ಲಿ ಅದು ಇದೆ. ವಿಂಡೋಸ್‌ನವರಿಗೆ ಯೋಜನೆಯ ಅಧಿಕೃತ ತಾಣದಲ್ಲಿ ಎರಡು ಬಗೆಯ ಕಡತಗಳು ಸಿಗುತ್ತವೆ. ಒಂದು ಸಾಮಾನ್ಯ ಇನ್‌ಸ್ಟಾಲರ್. ಇನ್ನೊಂದು ಪೋರ್ಟಬಲ್ ಆವೃತ್ತಿ. ಪೋರ್ಟಬಲ್ ಆವೃತ್ತಿಯನ್ನು ಯಾವುದಾದರೂ ಫೋಲ್ಡರಿನಲ್ಲಿ ಬಿಡಿಸಿಟ್ಟುಕೊಂಡು ನೇರವಾಗಿ ಓಡಿಸಬಹುದು, ಸೆಟ್ಟಿಂಗ್‌ಗಳೂ ಅದೇ ಫೋಲ್ಡರಿನಲ್ಲಿ ಉಳಿಯುತ್ತವೆ. ಪ್ರಯೋಗಾಲಯದ ಅಥವಾ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಅಳವಡಿಸುವ ಅನುಮತಿ ಇಲ್ಲದವರಿಗೆ ಪೆನ್‌ಡ್ರೈವ್‌ನಲ್ಲಿಟ್ಟ ಪೋರ್ಟಬಲ್ ಆವೃತ್ತಿಯೇ ಸರಿ. ಬೇರೆಬೇರೆ ಡೌನ್‌ಲೋಡ್ ತಾಣಗಳಲ್ಲಿ ಸಿಗುವ ಪ್ರತಿಗಳ ಜೊತೆ ಬೇಡದ ಸರಕು ಅಂಟಿಕೊಂಡು ಬರುವ ಸಾಧ್ಯತೆ ಇರುವುದರಿಂದ, ಅಧಿಕೃತ ತಾಣ ಅಥವಾ ಭಂಡಾರವನ್ನು ಬಿಟ್ಟು ಬೇರೆಡೆಗೆ ಹೋಗದಿರುವುದು ಒಳ್ಳೆಯದು.

ಮೊದಲ ಬಾರಿ ತೆರೆದಾಗ ಮಾಡಬೇಕಾದ ಮೂರು ಕೆಲಸಗಳು

ತಂತ್ರಾಂಶವನ್ನು ತೆರೆದಾಗ ಗುಂಡಿಗಳ ಸಾಲು ಕಾಣುವುದಿಲ್ಲ. ಮೇಲೆ ಖಾಲಿ ಜಾಗ, ಕೆಳಗೆ ಬರೆಯಲು ಒಂದು ಸಾಲು, ಅಷ್ಟೇ. ಗುಂಡಿಗಳು ಬೇಕೆನ್ನುವವರು ವ್ಯೂ ಮೆನುವಿನಲ್ಲಿ ಕೀಪ್ಯಾಡನ್ನು ಆರಿಸಿಕೊಳ್ಳಬಹುದು. ಆದರೆ ಕೆಲವು ದಿನ ಅವಿಲ್ಲದೆಯೇ ಬಳಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದಾಗಿ, ಸೆಟ್ಟಿಂಗ್ಸ್ ಮೆನುವಿನಲ್ಲಿ ಕೋನಮಾನವನ್ನು ನೋಡಿಕೊಳ್ಳಿ. ರೇಡಿಯನ್ ಮತ್ತು ಡಿಗ್ರಿ ಎಂಬ ಎರಡು ಆಯ್ಕೆಗಳು ಅಲ್ಲಿವೆ. ತ್ರಿಕೋನಮಿತಿಯ ಲೆಕ್ಕಗಳಲ್ಲಿ ಆಗುವ ತಪ್ಪುಗಳಿಗೆಲ್ಲ ಇದೇ ದೊಡ್ಡ ಮೂಲ. ಪರೀಕ್ಷಿಸುವುದು ಸುಲಭ: ಸೈನ್(30) ಎಂದು ಬರೆದು ಎಂಟರ್ ಒತ್ತಿ. ಉತ್ತರ 0.5 ಬಂದರೆ ಡಿಗ್ರಿಯಲ್ಲಿದ್ದೀರಿ, -0.988 ಎಂದು ಆರಂಭವಾಗುವ ಸಂಖ್ಯೆ ಬಂದರೆ ರೇಡಿಯನ್‌ನಲ್ಲಿದ್ದೀರಿ. ವ್ಯೂ ಮೆನುವಿನಿಂದ ಸ್ಟೇಟಸ್ ಬಾರ್ ಅನ್ನು ತೆರೆದಿಟ್ಟುಕೊಂಡರೆ ಸದ್ಯದ ಕೋನಮಾನ ಕೆಳಗೆ ಸದಾ ಕಾಣುತ್ತಿರುತ್ತದೆ. ಪ್ರತಿಯೊಬ್ಬರೂ ಇದನ್ನು ತೆರೆದೇ ಇಡಬೇಕು.

ಎರಡನೆಯದು ದಶಮಾಂಶ ಚಿಹ್ನೆ. ಕೆಲವು ಭಾಷೆಗಳಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಬಳಸುವ ರೂಢಿ ಇರುವುದರಿಂದ ಈ ತಂತ್ರಾಂಶ ಎರಡಕ್ಕೂ ಅವಕಾಶ ಕೊಟ್ಟಿದೆ. ನೀವು ಚುಕ್ಕೆಯನ್ನು ಆರಿಸಿಕೊಳ್ಳಿ, ದೊಡ್ಡ ಸಂಖ್ಯೆಗಳನ್ನು ಬರೆಯುವಾಗ ನಡುವೆ ಅಲ್ಪವಿರಾಮ ಹಾಕುವ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ. ಇದೇ ಕಾರಣಕ್ಕೆ ಫಲನವೊಂದಕ್ಕೆ ಎರಡು ಮೂರು ಬೆಲೆಗಳನ್ನು ಕೊಡುವಾಗ ಅವುಗಳ ನಡುವೆ ಅರ್ಧವಿರಾಮ ಹಾಕಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮೂರನೆಯದಾಗಿ, ಉತ್ತರದ ನಮೂನೆ ಮತ್ತು ನಿಖರತೆ. ದಶಮಾಂಶದ ನಂತರ ಎಷ್ಟು ಅಂಕಿಗಳನ್ನು ತೋರಿಸಬೇಕೆಂಬುದನ್ನು 50ರವರೆಗೂ ಹೆಚ್ಚಿಸಬಹುದು. ದಿನನಿತ್ಯದ ಕೆಲಸಕ್ಕೆ 8 ಸಾಕು. ತೋರಿಸುವ ಅಂಕಿಗಳನ್ನು ಕಡಿಮೆ ಮಾಡಿದರೂ ಒಳಗಿನ ಲೆಕ್ಕ ಪೂರ್ಣ ನಿಖರತೆಯಲ್ಲೇ ನಡೆಯುತ್ತದೆ, ಹಾಗಾಗಿ ಅಳುಕಬೇಕಿಲ್ಲ.

ಸೂತ್ರವನ್ನು ಇಡಿಯಾಗಿ ಬರೆಯುವುದು

ಇನ್ನು ಮುಖ್ಯ ವಿಷಯ. ಸರಳ ಲೋಲಕವೊಂದರಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೋಲಕದ ಉದ್ದ 0.5 ಮೀಟರ್, 20 ಆಂದೋಲನಗಳಿಗೆ ಹಿಡಿದ ಕಾಲ 28.4 ಸೆಕೆಂಡ್ ಎಂದುಕೊಳ್ಳಿ. ಪೈ ವರ್ಗವನ್ನು ನಾಲ್ಕರಿಂದಲೂ ಉದ್ದದಿಂದಲೂ ಗುಣಿಸಿ, ಬಂದದ್ದನ್ನು ಒಂದು ಆಂದೋಲನದ ಅವಧಿಯ ವರ್ಗದಿಂದ ಭಾಗಿಸಬೇಕು. ಬರೆಯುವ ಸಾಲು ಹೀಗಿರುತ್ತದೆ:

4*ಪೈ^2*0.5/(28.4/20)^2

ಎಂಟರ್ ಒತ್ತಿದರೆ 9.7893 ಎಂದು ಆರಂಭವಾಗುವ ಉತ್ತರ ಬರುತ್ತದೆ. ಟೈಪ್ ಮಾಡುತ್ತಿರುವಾಗಲೇ, ಎಂಟರ್ ಒತ್ತುವ ಮೊದಲೇ, ಅಲ್ಲಿಯವರೆಗಿನ ಉತ್ತರ ಸಣ್ಣ ಪೆಟ್ಟಿಗೆಯೊಂದರಲ್ಲಿ ಕಾಣಿಸುತ್ತಿರುತ್ತದೆ. ಅದರ ಮೇಲೆ ಕಣ್ಣಿಟ್ಟಿರಿ. ಈಗ ಅದೇ ಸಾಲನ್ನು ಆವರಣಗಳಿಲ್ಲದೆ ಬರೆದು ನೋಡಿ:

4*ಪೈ^2*0.5/28.4/20^2

ಉತ್ತರ 0.0017ರ ಆಸುಪಾಸಿಗೆ ಇಳಿಯುತ್ತದೆ. ಘಾತದ ಚಿಹ್ನೆ 20ಕ್ಕೆ ಮಾತ್ರ ಅಂಟಿಕೊಂಡಿತು, 28.4 ವರ್ಗವಾಗದೆ ಉಳಿಯಿತು. ಗುಂಡಿ ಒತ್ತುವ ಕ್ಯಾಲ್ಕುಲೇಟರಿನಲ್ಲಾಗಿದ್ದರೆ ತಪ್ಪೆಲ್ಲಿದೆ ಎಂದು ಹುಡುಕಲು ಮೊದಲಿನಿಂದ ಮತ್ತೆ ಒತ್ತಬೇಕಿತ್ತು. ಇಲ್ಲಿ ಸಾಲು ಕಣ್ಣೆದುರಿಗೇ ಇದೆ. ಮೇಲಿನ ಬಾಣದ ಕೀಲಿಯನ್ನು ಒತ್ತಿದರೆ ಹಿಂದಿನ ಸಾಲು ಮತ್ತೆ ಬರೆಯುವ ಜಾಗಕ್ಕೆ ಬರುತ್ತದೆ, ಆವರಣಗಳನ್ನು ಸೇರಿಸಿ ಎಂಟರ್ ಒತ್ತಿದರೆ ಮುಗಿಯಿತು.

ತಪ್ಪು ಹುಡುಕಲು ಇದಕ್ಕಿಂತಲೂ ಉಪಯುಕ್ತವಾದ ಇನ್ನೊಂದು ಸೌಲಭ್ಯವಿದೆ. ಬರೆದ ಸಾಲಿನಲ್ಲಿ ಯಾವುದಾದರೂ ಒಂದು ಭಾಗವನ್ನು, ಉದಾಹರಣೆಗೆ 28.4/20 ಎಂಬಷ್ಟನ್ನು ಮಾತ್ರ, ಶಿಫ್ಟ್ ಕೀಲಿ ಹಿಡಿದು ಬಾಣದ ಕೀಲಿಗಳಿಂದ ಆಯ್ದುಕೊಂಡರೆ ಆ ಭಾಗದ ಬೆಲೆ 1.42 ಎಂದು ತೋರುತ್ತದೆ. ಉದ್ದನೆಯ ಸೂತ್ರವೊಂದರ ಒಳಗಿನ ಪ್ರತಿಯೊಂದು ತುಂಡನ್ನೂ ಹೀಗೆ ಬಿಡಿಬಿಡಿಯಾಗಿ ಪರಿಶೀಲಿಸಿ, ಯಾವ ತುಂಡಿನಲ್ಲಿ ಲೆಕ್ಕ ದಾರಿ ತಪ್ಪಿತು ಎಂಬುದನ್ನು ಕೆಲವೇ ಕ್ಷಣಗಳಲ್ಲಿ ಪತ್ತೆಹಚ್ಚಬಹುದು. ಸ್ಪೀಡ್‌ಕ್ರಂಚ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಗುಣ ಇದು.

ಹಿಂದಿನ ಉತ್ತರವನ್ನು ಮುಂದಿನ ಲೆಕ್ಕಕ್ಕೆ ಒಯ್ಯಬೇಕಾದರೆ ಆನ್ಸ್ ಎಂಬ ಹೆಸರನ್ನು ಬಳಸಬೇಕು. ಸಾಲನ್ನು ನೇರವಾಗಿ ಗುಣಾಕಾರ ಅಥವಾ ಭಾಗಾಕಾರದ ಚಿಹ್ನೆಯಿಂದಲೇ ಆರಂಭಿಸಿದರೆ ಆ ಹೆಸರು ತಾನಾಗಿಯೇ ಸೇರಿಕೊಳ್ಳುತ್ತದೆ. ಮೇಲೆ ಕಾಣುವ ಹಳೆಯ ಸಾಲು ಅಥವಾ ಉತ್ತರದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೂ ಅದು ಬರೆಯುವ ಜಾಗಕ್ಕೆ ಇಳಿಯುತ್ತದೆ.

ಆವರಣಗಳ ವಿಷಯದಲ್ಲಿ ಧಾರಾಳಿಗಳಾಗಿರಿ. ಗುಣಾಕಾರದ ಚಿಹ್ನೆಯನ್ನು ಬಿಟ್ಟು ಬರೆಯಲು ತಂತ್ರಾಂಶ ಅವಕಾಶ ಕೊಡುತ್ತದಾದರೂ, ಭಾಗಾಕಾರವಿರುವ ಸಾಲಿನಲ್ಲಿ ಹಾಗೆ ಬಿಟ್ಟರೆ ಓದುವವರಿಗೆ ಎರಡು ಅರ್ಥ ಹೊಳೆಯುತ್ತದೆ. ಋಣ ಸಂಖ್ಯೆಯ ಘಾತವೂ ಹಾಗೆಯೇ: -3^2 ಎಂಬುದು ಗಣಿತದ ರೂಢಿಯಂತೆ -9 ಆಗಬೇಕು, ಆದರೆ ಕೆಲವು ಸ್ಪ್ರೆಡ್‌ಶೀಟ್ ತಂತ್ರಾಂಶಗಳು 9 ಎನ್ನುತ್ತವೆ. (-3)^2 ಅಥವಾ -(3^2) ಎಂದು ಬಿಡಿಸಿ ಬರೆದರೆ ಯಾವ ತಂತ್ರಾಂಶದಲ್ಲೂ ಗೊಂದಲವಾಗದು.

ಬೆಲೆಗಳಿಗೆ ಹೆಸರಿಡುವುದು, ಸ್ವಂತ ಫಲನ ಬರೆಯುವುದು

ಅದೇ ಸೂತ್ರವನ್ನು ಬೇರೆಬೇರೆ ಉದ್ದಗಳಿಗೆ ಪದೇಪದೇ ಬಳಸಬೇಕಾದಾಗ ಸಾಲನ್ನು ಪ್ರತಿ ಬಾರಿ ತಿದ್ದುವುದು ತಪ್ಪಿಗೆ ದಾರಿ. ಅದರ ಬದಲು ಒಂದು ಫಲನವನ್ನೇ ಬರೆದುಬಿಡಿ:

ಗ್ರಾವ್(ಎಲ್; ಟಿ) = 4*ಪೈ^2*ಎಲ್/ಟಿ^2

ಇಲ್ಲಿ ಗ್ರಾವ್ ಎಂಬುದು ನಾವೇ ಇಟ್ಟ ಹೆಸರು; ಎಲ್ ಉದ್ದ, ಟಿ ಅವಧಿ. ಇನ್ನು ಮುಂದೆ ಗ್ರಾವ್(0.5; 28.4/20) ಎಂದು ಬರೆದರೆ ಹಿಂದಿನ 9.7893 ಬರುತ್ತದೆ. 0.75 ಮೀಟರ್ ಉದ್ದಕ್ಕೆ 20 ಆಂದೋಲನಗಳ ಕಾಲ 34.8 ಸೆಕೆಂಡ್ ಆಗಿದ್ದರೆ ಗ್ರಾವ್(0.75; 34.8/20) ಎಂಬುದು 9.7796 ಕೊಡುತ್ತದೆ, 1 ಮೀಟರ್ ಉದ್ದಕ್ಕೆ 40.1 ಸೆಕೆಂಡ್ ಆಗಿದ್ದರೆ ಗ್ರಾವ್(1; 40.1/20) ಎಂಬುದು 9.8204 ಕೊಡುತ್ತದೆ. ಸೂತ್ರ ಸರಿಯಾಗಿದೆಯೇ ಎಂದು ಒಮ್ಮೆ ಪರೀಕ್ಷಿಸಿದರೆ ಸಾಕು, ಉಳಿದ ಅಳತೆಗಳಲ್ಲಿ ಗಮನವೆಲ್ಲ ಸಂಖ್ಯೆಗಳ ಮೇಲೆಯೇ ಇರುತ್ತದೆ.

ಈ ಮೂರು ಉತ್ತರಗಳಿಗೂ ಹೆಸರಿಟ್ಟುಕೊಳ್ಳಬಹುದು. ಹೆಸರು, ಸಮಚಿಹ್ನೆ, ಲೆಕ್ಕ ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದರೆ ಆ ಬೆಲೆ ಚರಾಕ್ಷರವಾಗಿ ಉಳಿಯುತ್ತದೆ:

ಜಿ1 = ಗ್ರಾವ್(0.5; 28.4/20) ? ಗಿಡ್ಡ ದಾರ

ಸಾಲಿನ ಕೊನೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಅದರ ನಂತರ ಬರೆದದ್ದನ್ನೆಲ್ಲ ತಂತ್ರಾಂಶ ಟಿಪ್ಪಣಿಯೆಂದು ಭಾವಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ಅಳತೆ, ಯಾವ ಏಕಮಾನ, ಯಾವ ಸಂದರ್ಭ ಎಂಬುದನ್ನು ಪ್ರತಿ ಸಾಲಿನಲ್ಲೂ ನಾಲ್ಕು ಪದಗಳಲ್ಲಿ ಬರೆದಿಡಿ. ಒಂದು ತಿಂಗಳ ನಂತರ ಅದೇ ಲೆಕ್ಕವನ್ನು ತೆರೆದಾಗ ಈ ನಾಲ್ಕು ಪದಗಳ ಬೆಲೆ ತಿಳಿಯುತ್ತದೆ.

ಜಿ2, ಜಿ3 ಎಂದು ಉಳಿದೆರಡನ್ನೂ ಹೀಗೆಯೇ ಬರೆದ ಮೇಲೆ ಸರಾಸರಿ ತೆಗೆಯುವ ಫಲನವನ್ನು ಬಳಸಿ:

ಆವರೇಜ್(ಜಿ1; ಜಿ2; ಜಿ3)

ಉತ್ತರ 9.7965ರ ಹತ್ತಿರ ಬರುತ್ತದೆ. ಮಾನಕ ವಿಚಲನೆಯ ಫಲನವೂ ಫಲನಗಳ ಪಟ್ಟಿಯಲ್ಲಿದೆ. ಅದನ್ನು ಬಳಸುವ ಮುನ್ನ ಒಂದು ವಿಷಯ ತಿಳಿದಿರಬೇಕು. ವಿಚಲನೆಗಳ ವರ್ಗಗಳನ್ನು ಕೂಡಿಸಿ ಅಳತೆಗಳ ಸಂಖ್ಯೆಯಿಂದ ಭಾಗಿಸುವುದು ಒಂದು ಪದ್ಧತಿ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸುವುದು ಇನ್ನೊಂದು. ಸ್ಪೀಡ್‌ಕ್ರಂಚ್ ಮೊದಲನೆಯದನ್ನು ಅನುಸರಿಸುವುದರಿಂದ ಮೇಲಿನ ಮೂರು ಬೆಲೆಗಳಿಗೆ 0.0174 ಕೊಡುತ್ತದೆ. ಪ್ರಯೋಗದ ಅಳತೆಗಳು ಬೆರಳೆಣಿಕೆಯಷ್ಟೇ ಇರುವಾಗ ಬೇಕಾಗುವುದು ಸಾಮಾನ್ಯವಾಗಿ ಎರಡನೆಯದು, ಅದು 0.0213. ಮೊದಲ ಉತ್ತರವನ್ನು 3/2ರ ವರ್ಗಮೂಲದಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ನಾಲ್ಕು ಅಳತೆಗಳಿದ್ದರೆ 4/3ರ ವರ್ಗಮೂಲ, ಐದಿದ್ದರೆ 5/4ರದ್ದು, ಹೀಗೆ. ಯಾವ ತಂತ್ರಾಂಶವನ್ನು ಬಳಸಿದರೂ ಉತ್ತರ ಗೊತ್ತಿರುವ ಒಂದು ಸಣ್ಣ ಉದಾಹರಣೆಯಿಂದ ಅದರ ಪದ್ಧತಿಯನ್ನು ಮೊದಲೇ ತಿಳಿದುಕೊಳ್ಳುವುದು ವಿವೇಕ.

ಲಘುಗಣಕಗಳಿಗೂ ಇದೇ ಎಚ್ಚರಿಕೆ ಬೇಕು. ಎಲ್‌ಎನ್ ಎಂಬುದು ಸ್ವಾಭಾವಿಕ ಲಘುಗಣಕ, ಎಲ್‌ಜಿ ಎಂಬುದು 10ರ ಆಧಾರದ್ದು, ಎಲ್‌ಬಿ ಎಂಬುದು 2ರ ಆಧಾರದ್ದು. ಲಾಗ್ ಎಂಬ ಫಲನಕ್ಕೆ ಆಧಾರವನ್ನು ಮೊದಲು, ಸಂಖ್ಯೆಯನ್ನು ನಂತರ ಕೊಡಬೇಕು: ಲಾಗ್(2; 1024) ಎಂದರೆ 10.

ಸ್ಥಿರಾಂಕಗಳ ಪಟ್ಟಿಯನ್ನು ಬಳಸುವಾಗ

ವ್ಯೂ ಮೆನುವಿನಲ್ಲಿ ಸ್ಥಿರಾಂಕಗಳ ಫಲಕವನ್ನು ತೆರೆದರೆ ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರ ಮುಂತಾದ ವಿಭಾಗಗಳಲ್ಲಿ ಬೆಲೆಗಳು ಸಿಗುತ್ತವೆ. ಬೇಕಾದದ್ದನ್ನು ಹುಡುಕಿ ಎರಡು ಬಾರಿ ಕ್ಲಿಕ್ ಮಾಡಿದರೆ ಅದರ ಬೆಲೆ ಸಾಲಿಗೆ ಸೇರುತ್ತದೆ. ಬಹಳ ಅನುಕೂಲವಾದ ವ್ಯವಸ್ಥೆ. ಆದರೂ ಇಲ್ಲಿ ಒಂದು ಮುಖ್ಯವಾದ ಮಾತನ್ನು ಹೇಳಲೇಬೇಕು.

2019ರ ಮೇ 20ರಂದು ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ಹೊಸ ವ್ಯಾಖ್ಯಾನ ಜಾರಿಗೆ ಬಂದಿತು. ಅಂದಿನಿಂದ ಪ್ಲಾಂಕ್ ಸ್ಥಿರಾಂಕ, ಬೋಲ್ಟ್ಸ್‌ಮನ್ ಸ್ಥಿರಾಂಕ, ಅವೊಗಾಡ್ರೊ ಸ್ಥಿರಾಂಕ ಮತ್ತು ಮೂಲ ವಿದ್ಯುದಂಶ ಇವು ಪ್ರಯೋಗದಿಂದ ಅಳೆಯುವ ಬೆಲೆಗಳಾಗಿ ಉಳಿಯದೆ, ನಿಗದಿಪಡಿಸಿದ ನಿಖರ ಸಂಖ್ಯೆಗಳಾದವು. 0.12 ಆವೃತ್ತಿ ಅದಕ್ಕಿಂತ ಮೂರು ವರ್ಷ ಹಿಂದಿನದು, ಆದ್ದರಿಂದ ಅದರ ಪಟ್ಟಿಯಲ್ಲಿರುವುದು ಹಿಂದಿನ ಅಳತೆಯ ಬೆಲೆಗಳು. ವ್ಯತ್ಯಾಸ ತೀರಾ ಸಣ್ಣದು. ತರಗತಿಯ ಲೆಕ್ಕಗಳಲ್ಲಿ ಕಾಣುವುದೂ ಇಲ್ಲ. ಆದರೆ 50 ಅಂಕಿಗಳ ನಿಖರತೆಯ ತಂತ್ರಾಂಶವನ್ನು ಆರಿಸಿಕೊಂಡವರು ಎಂಟನೆಯ ಅಂಕಿಯಲ್ಲಿ ಹಳೆಯ ಬೆಲೆಯನ್ನು ಒಪ್ಪಿಕೊಳ್ಳುವುದು ಸರಿಯಲ್ಲ. ಈ ನಾಲ್ಕನ್ನೂ ಒಮ್ಮೆ ಕೈಯಾರೆ ಬರೆದು ಚರಾಕ್ಷರಗಳಾಗಿ ಇಟ್ಟುಕೊಳ್ಳಿ: ಪ್ಲಾಂಕ್ ಸ್ಥಿರಾಂಕ 6.62607015*10^(-34), ಬೋಲ್ಟ್ಸ್‌ಮನ್ ಸ್ಥಿರಾಂಕ 1.380649*10^(-23), ಅವೊಗಾಡ್ರೊ ಸ್ಥಿರಾಂಕ 6.02214076*10^23, ಮೂಲ ವಿದ್ಯುದಂಶ 1.602176634*10^(-19). ಬೆಳಕಿನ ವೇಗ ಸೆಕೆಂಡಿಗೆ 299792458 ಮೀಟರ್ ಎಂದು 1983ರಲ್ಲೇ ನಿಗದಿಯಾಗಿದ್ದರಿಂದ ಅದನ್ನು ಪಟ್ಟಿಯಿಂದಲೇ ತೆಗೆದುಕೊಳ್ಳಬಹುದು. ಮೂಲ ವಿದ್ಯುದಂಶಕ್ಕೆ ಇ ಎಂಬ ಒಂದೇ ಅಕ್ಷರದ ಹೆಸರಿಡಬೇಡಿ, 2.71828 ಎಂದು ಆರಂಭವಾಗುವ ಸ್ವಾಭಾವಿಕ ಲಘುಗಣಕದ ಆಧಾರಕ್ಕೆ ಅದು ಮೊದಲೇ ಮೀಸಲಾಗಿದೆ.

ಏಕಮಾನಗಳು

ಸಂಖ್ಯೆಯ ಪಕ್ಕದಲ್ಲಿ ಏಕಮಾನದ ಪೂರ್ಣ ಹೆಸರನ್ನು ಬರೆದು, ನಂತರ ಅಡ್ಡಗೆರೆ ಮತ್ತು ಬಲಗಡೆಯ ಕೋನಚಿಹ್ನೆಯಿಂದ ಬಾಣವೊಂದನ್ನು ಹಾಕಿ, ಬೇಕಾದ ಏಕಮಾನವನ್ನು ಬರೆಯಬೇಕು:

60 ಮೈಲ್/ಅವರ್ -> ಮೀಟರ್/ಸೆಕೆಂಡ್

ಉತ್ತರ 26.8224. ಕೂಡುವಿಕೆಗೂ ಇದು ಒದಗುತ್ತದೆ: 5 ಫುಟ್ + 7 ಇಂಚ್ -> ಮೀಟರ್ ಎಂದರೆ 1.7018. ಇದರ ನಿಜವಾದ ಲಾಭ ಪರಿವರ್ತನೆಗಿಂತ ಕಾವಲಿನಲ್ಲಿದೆ. ಉದ್ದಕ್ಕೆ ಕಾಲವನ್ನು ಕೂಡಿಸಲು ಹೊರಟರೆ ತಂತ್ರಾಂಶ ಆಯಾಮಗಳು ಹೊಂದುವುದಿಲ್ಲವೆಂದು ತಡೆಯುತ್ತದೆ. ಉದ್ದನೆಯ ಸೂತ್ರವೊಂದರಲ್ಲಿ ಬೆಲೆಗಳನ್ನು ಏಕಮಾನದೊಡನೆಯೇ ಬರೆದಾಗ, ಕೊನೆಯ ಉತ್ತರ ನಿರೀಕ್ಷಿಸಿದ ಏಕಮಾನದಲ್ಲಿ ಬಾರದಿದ್ದರೆ ಸೂತ್ರದಲ್ಲೇ ತಪ್ಪಿದೆ ಎಂದು ತಕ್ಷಣ ತಿಳಿಯುತ್ತದೆ.

ದಶಮಾಂಶ ಅಂಕಿಗಳ ಲೆಕ್ಕ

0.1+0.2-0.3 ಎಂಬ ಲೆಕ್ಕವನ್ನು ಪೈಥಾನ್ ಭಾಷೆಯಲ್ಲಿ ಬರೆದರೆ ಸೊನ್ನೆಯ ಬದಲು 5.55*10^(-17)ರಷ್ಟು ಪುಟ್ಟ ಶೇಷ ಬರುತ್ತದೆ. ಅಲ್ಲಿ ಸಂಖ್ಯೆಗಳು ಒಳಗೆ ದ್ವಿಮಾನ ರೂಪದಲ್ಲಿರುತ್ತವೆ, 0.1 ಎಂಬುದನ್ನು ಆ ರೂಪದಲ್ಲಿ ಮುಗಿಯುವಂತೆ ಬರೆಯಲಾಗದು, ಹಾಗಾಗಿ ಹತ್ತಿರದ ಬೆಲೆಯೊಂದನ್ನು ಇಟ್ಟುಕೊಳ್ಳಬೇಕಾಗುತ್ತದೆ. ಸ್ಪೀಡ್‌ಕ್ರಂಚ್ ಲೆಕ್ಕವನ್ನು ದಶಮಾಂಶ ರೂಪದಲ್ಲೇ ನಡೆಸುವುದರಿಂದ ಅದರಲ್ಲಿ ಸೊನ್ನೆಯೇ ಬರುತ್ತದೆ. 2^100 ಎಂದು ಬರೆದು ಉತ್ತರದ ನಮೂನೆಯನ್ನು ಸ್ಥಿರ ದಶಮಾಂಶಕ್ಕೆ ಬದಲಾಯಿಸಿದರೆ 1267650600228229401496703205376 ಎಂಬ 31 ಅಂಕಿಗಳೂ ಕಾಣುತ್ತವೆ. ಆದರೆ ಅಳತೆಗೋಲಿನಿಂದ ಪಡೆದ ಮೂರು ಅಂಕಿಗಳ ಬೆಲೆಯಿಂದ ಬಂದ ಉತ್ತರವನ್ನು 15 ಅಂಕಿಗಳವರೆಗೆ ವರದಿಯಲ್ಲಿ ಬರೆಯಬಾರದು. ಮೇಲಿನ ಲೋಲಕದ ಲೆಕ್ಕದಲ್ಲಿ 9.80 ಎಂದು ಬರೆದು, ಅನಿಶ್ಚಿತತೆಯನ್ನು ಜೊತೆಗೆ ನಮೂದಿಸುವುದು ಪ್ರಾಮಾಣಿಕವಾದ ವರದಿ.

ಪ್ರೋಗ್ರಾಮಿಂಗ್ ಮಾಡುವವರಿಗೆ ದ್ವಿಮಾನ, ಅಷ್ಟಮಾನ ಮತ್ತು ಹದಿನಾರರ ಆಧಾರದ ಸಂಖ್ಯೆಗಳ ಸೌಲಭ್ಯವೂ ಇದೆ. ಉತ್ತರದ ನಮೂನೆಯನ್ನು ಬದಲಾಯಿಸಿದರೆ 255 ಎಂಬುದು ಎಂಟು ಒಂದುಗಳಾಗಿ ತೋರುತ್ತದೆ. ಬಿಟ್ ಫಲಕವನ್ನು ತೆರೆದರೆ ಒಂದೊಂದು ಬಿಟ್ ಅನ್ನೂ ಕ್ಲಿಕ್ ಮಾಡಿ ತಿರುಗಿಸಬಹುದು.

ಲೆಕ್ಕವನ್ನು ಉಳಿಸಿಡುವುದು ಮತ್ತು ಈ ತಂತ್ರಾಂಶದ ಮಿತಿಗಳು

ಬರೆದ ಸಾಲುಗಳು, ಚರಾಕ್ಷರಗಳು, ಫಲನಗಳು ಎಲ್ಲವೂ ಸೇರಿ ಒಂದು ಸೆಷನ್ ಆಗುತ್ತದೆ. ಸೆಷನ್ ಮೆನುವಿನಿಂದ ಅದನ್ನು ಕಡತವಾಗಿ ಉಳಿಸಿ ಬೇಕಾದಾಗ ತೆರೆಯಬಹುದು. ಪ್ರತಿ ಪ್ರಯೋಗಕ್ಕೂ ಪ್ರತ್ಯೇಕ ಸೆಷನ್ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಇಲ್ಲವಾದರೆ ಹಳೆಯ ಪ್ರಯೋಗದ ಎಲ್ ಮತ್ತು ಟಿ ಬೆಲೆಗಳು ಹೊಸ ಲೆಕ್ಕದೊಳಗೆ ಸದ್ದಿಲ್ಲದೆ ನುಸುಳುತ್ತವೆ. ಅದೇ ಮೆನುವಿನಲ್ಲಿ ಇಡೀ ಲೆಕ್ಕವನ್ನು ಸಾದಾ ಪಠ್ಯವಾಗಿ ಹೊರತೆಗೆಯುವ ಆಯ್ಕೆಯೂ ಇದೆ. ಟಿಪ್ಪಣಿಗಳ ಸಮೇತ ಹೊರಬಂದ ಆ ಪಠ್ಯವನ್ನು ವರದಿಗೆ ಲಗತ್ತಿಸಿದರೆ, ಪರಿಶೀಲಿಸುವವರು ಪ್ರತಿ ಸಾಲನ್ನೂ ತಾವೇ ಮತ್ತೆ ಮಾಡಿ ನೋಡಬಹುದು.

ಸ್ಪೀಡ್‌ಕ್ರಂಚ್ ಸಂಖ್ಯೆಗಳ ಲೆಕ್ಕವನ್ನು ಮಾತ್ರ ಮಾಡುತ್ತದೆ. ಸಮೀಕರಣವನ್ನು ಅಕ್ಷರರೂಪದಲ್ಲಿ ಬಿಡಿಸುವುದು, ಅವಕಲನ ಮತ್ತು ಅನುಕಲನದ ಸೂತ್ರಗಳನ್ನು ಕೊಡುವುದು, ನಕ್ಷೆ ಎಳೆಯುವುದು ಇವು ಅದರಿಂದ ಆಗುವುದಿಲ್ಲ. ಅಂಥ ಕೆಲಸಕ್ಕೆ ಕ್ವಾಲ್‌ಕ್ಯುಲೇಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ನೋಡಬಹುದು. ಅಕ್ಷರರೂಪದ ಸಮೀಕರಣಗಳನ್ನೂ ನಕ್ಷೆಗಳನ್ನೂ ಅದು ನಿಭಾಯಿಸುತ್ತದೆ, ಅಳತೆಯ ಅನಿಶ್ಚಿತತೆಯನ್ನು ಸೂತ್ರದುದ್ದಕ್ಕೂ ಒಯ್ಯುವ ಸೌಲಭ್ಯವೂ ಅದರಲ್ಲಿದೆ. ಅದರಲ್ಲಿ ಆಯ್ಕೆಗಳು ಹೆಚ್ಚಿರುವುದರಿಂದ ಕಲಿಯಲು ಸಮಯವೂ ಹೆಚ್ಚು ಬೇಕು. ಆದ್ದರಿಂದ ಮೊದಲು ಇಲ್ಲಿ ಹೇಳಿದ ಲೋಲಕದ ಲೆಕ್ಕವನ್ನು ನಿಮ್ಮದೇ ಅಳತೆಗಳೊಂದಿಗೆ ಸ್ಪೀಡ್‌ಕ್ರಂಚ್‌ನಲ್ಲಿ ಬರೆದು, ಉಳಿಸಿ, ಮಾರನೆಯ ದಿನ ತೆರೆದು ಓದಿ. ಅಕ್ಷರರೂಪದ ಬೀಜಗಣಿತ ಬೇಕೆನಿಸಿದಾಗ ಇನ್ನೊಂದರ ಕಡೆಗೆ ಹೋಗಿ.